ಇಲ್ಲೇನಾ, ಇನ್ನೂ ಕೆಳಗಾ?

ಮಗಳನ್ನು ಶಾಲೆಯ ವ್ಯಾನಿಗೆ ಹತ್ತಿಸಿ ವಾಪಸು ಬರುವಾಗ ನಮ್ಮ ವಿದ್ಯಾರಣ್ಯಪುರದ ಪಾರ್ಕಿನ ಹತ್ತಿರ ಒಬ್ಬಿಬ್ಬರು ಬಸುರಿಯರು ನಿಲ್ಲಿಸಿ ಮಾತಾಡಿಸುತ್ತಾರೆ. ನನ್ನ ವಿಷಯ ಯಾರೋ ಅವರ ಕಿವಿಗೆ ಹಾಕಿರುತ್ತಾರೆ. "ಆಂಟಿ, ಬೆನ್ನಿಗೆ ಇಂಜೆಕ್ಷನ್ ಇಲ್ದೇನೇ ಹೆತ್ರಂತೆ, ಅದೂ ಆ ವಯಸ್ಸಲ್ಲಿ! ಹೆಂಗ್ರೀ ತಡ್ಕೊಂಡ್ರಿ?" ಅನ್ನುತ್ತಾರೆ. ಅವರ ಪಾಲಿಗೆ ನಾನು ದೊಡ್ಡ ಗಟ್ಟಿಗಿತ್ತಿ. ಬೆರಳಿಗೆ ಈಳಿಗೆಮಣೆ ತಾಗಿದರೆ ಪಕ್ಕದ ಮನೆಯವರು ಬಾಗಿಲು ತಟ್ಟುವ ಹಾಗೆ ಕಿರುಚುವವಳು ನಾನು. ಇಂಜೆಕ್ಷನ್ ಬೇಡ ಅಂದದ್ದು ನಾನಲ್ಲ, ನನ್ನ ಬೆನ್ನು. ಪಾರ್ಕಿನ ಮೂಲೆಯಲ್ಲಿ ನಿಂತು ಇಷ್ಟೆಲ್ಲ ಹೇಳಲಾಗುವುದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ಸಾರಿಗೆ ಬೇಳೆ ಇಟ್ಟಿದ್ದೇನೆ, ಕುಕ್ಕರ್ ಕೂಗಿದಾಗ ನಡುವೆ ಏಳಬೇಕಾಗುತ್ತದೆ.

ಮೂವತ್ತರ ಆಸುಪಾಸಿನಲ್ಲಿ ನನಗೆ ಸೊಂಟದ ಡಿಸ್ಕ್ ಜಾರಿ, ಒಂದು ಕಾಲು ಮರಗಟ್ಟಿ, ಆಪರೇಷನ್ ಆಯಿತು. ಬೆನ್ನಿನ ಕೆಳಗಡೆ ರಾಡು, ಸ್ಕ್ರೂ ಹಾಕಿದರು. ಆಮೇಲೆ ಬಗ್ಗಿ ಬಕೆಟ್ಟು ಎತ್ತುವುದನ್ನು ಬಿಟ್ಟರೆ ಎಲ್ಲ ಕೆಲಸವನ್ನೂ ಮಾಡಿಕೊಂಡೇ ಇದ್ದೆ. ಬಸುರಾದದ್ದು ನಲವತ್ತು ದಾಟಿದ ಮೇಲೆ. "ಏನಾದ್ರೂ ವಿಶೇಷ ಇದೆಯಾ?" ಎಂದು ಕೇಳುತ್ತಿದ್ದವರೆಲ್ಲ ಅಷ್ಟು ಹೊತ್ತಿಗೆ ಸುಸ್ತಾಗಿ ಕೇಳುವುದನ್ನೇ ಬಿಟ್ಟಿದ್ದರು. ನಾವೂ ಬಿಟ್ಟಿದ್ದೆವು. ವಾಂತಿ ಶುರುವಾದಾಗ ನಾನು ಹಿಂದಿನ ದಿನದ ಹುಳಿಯನ್ನು ಬೈದುಕೊಂಡೆ.

ಹೆಬ್ಬಾಳದ ಕಡೆಯ ಆಸ್ಪತ್ರೆಯೊಂದರಲ್ಲಿ ತೋರಿಸಿಕೊಳ್ಳುತ್ತಿದ್ದೆ. ಅಲ್ಲಿ ಕಾಯುವ ಜಾಗದಲ್ಲಿ ಟೀವಿಯಲ್ಲಿ ಸದಾ ಅಡುಗೆ ಕಾರ್ಯಕ್ರಮ, ಆದರೆ ಸದ್ದು ಇರುತ್ತಿರಲಿಲ್ಲ. ಒಗ್ಗರಣೆಯ ಸದ್ದಿಲ್ಲದೆ ಒಗ್ಗರಣೆ ನೋಡುತ್ತಾ ಕೂರುವುದು. ಸುತ್ತ ಇದ್ದವರೆಲ್ಲ ನನಗಿಂತ ತುಂಬಾ ಚಿಕ್ಕವರು. ಒಂದು ಸಲ ಒಬ್ಬಳು ಹುಡುಗಿ ಎದ್ದು ಜಾಗ ಕೊಟ್ಟು, "ಮಗಳ ಜೊತೆ ಬಂದಿದ್ದೀರಾ?" ಅಂದಳು. ನಮ್ಮನೆಯವರು ಪ್ರಕಾಶ್ ಪಕ್ಕದಲ್ಲೇ ಇದ್ದರು. "ಹೌದಮ್ಮ, ಒಳಗಿದ್ದಾಳೋ ಒಳಗಿದ್ದಾನೋ ಗೊತ್ತಿಲ್ಲ" ಅಂದುಬಿಟ್ಟರು. ಆ ಹುಡುಗಿ ಕೆಂಪಾದಳು, ನಾನು ಅವರ ತೊಡೆ ಚಿವುಟಿದೆ.

ಏಳನೇ ತಿಂಗಳಲ್ಲಿ ಅರಿವಳಿಕೆ ಡಾಕ್ಟರ ಹತ್ತಿರ ಕಳಿಸಿದರು. ಚಿಕ್ಕ ವಯಸ್ಸಿನವರು. ನನ್ನ ಹಳೆಯ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಸೂಜಿ ಹಾಕೋ ಜಾಗದಲ್ಲೇ ಹಾರ್ಡ್‌ವೇರ್ ಅಂಗಡಿ ಇಟ್ಕೊಂಡಿದ್ದೀರಲ್ಲಮ್ಮ" ಅಂದರು. ಆಮೇಲೆ ನಗು ಬಿಟ್ಟು ನಿಧಾನವಾಗಿ ಹೇಳಿದರು. ಆಪರೇಷನ್ ಆದವರಿಗೆಲ್ಲ ಹೀಗೇ ಅಂತಿಲ್ಲ, ಆದರೆ ನಿಮ್ಮ ಬೆನ್ನಿಗೆ ನಾನು ಕೈ ಹಾಕಲ್ಲ. ಸಹಜವಾಗಿ ಆಗುತ್ತಾ ನೋಡೋಣ. ಆಗದೇ ಹೋದರೆ ಪ್ರಜ್ಞೆ ತಪ್ಪಿಸಿ ಪೂರ್ತಿ ಮಲಗಿಸಿ ಸಿಸೇರಿಯನ್ ಮಾಡ್ತೀವಿ. "ಎದ್ದಾಗ ಮಗು ಪಕ್ಕದಲ್ಲಿರುತ್ತೆ, ಭಯ ಪಡಬೇಡಿ."

ಸಮಾಧಾನಕ್ಕೆ ಅಂತಲೇ ಹೇಳಿದ್ದು ಅವರು. ನನಗೆ ಮಾತ್ರ 'ಎದ್ದಾಗ' ಅನ್ನುವುದರಲ್ಲೇ ಕಾಲು ಸಿಕ್ಕಿಕೊಂಡಿತು.

"ಹಾಗಾದ್ರೆ ಮಗು ಅಳೋದು ನಂಗೆ ಕೇಳ್ಸಲ್ವಾ ಡಾಕ್ಟ್ರೇ? ಮೊದಲನೇ ಸಲ ಅಳತ್ತಲ್ಲ, ಅದು?"

ಅವರು ಎಕ್ಸ್‌ರೇ ಕೆಳಗಿಟ್ಟರು. "ಇಲ್ಲಮ್ಮ" ಅಂದರು.

ಹಾಗೆ ಪ್ರಜ್ಞೆಯಿಲ್ಲದೆ ಮಲಗಿಕೊಂಡೇ ಹೆತ್ತ ತಾಯಂದಿರು ಎಷ್ಟೋ ಜನ ಇದ್ದಾರೆ. ಅವರ ತಾಯ್ತನಕ್ಕೆ ಎಳ್ಳಷ್ಟೂ ಕೊರತೆಯಿಲ್ಲ. ಇಂಜೆಕ್ಷನ್ ತಗೊಂಡು ಆರಾಮಾಗಿ ಹೆತ್ತವರನ್ನು ಕಂಡರೆ ನನಗೆ ಈಗಲೂ ಹೊಟ್ಟೆಕಿಚ್ಚು. ಆದರೆ ಅಷ್ಟೊಂದು ವರ್ಷ ಬೇರೆಯವರ ಮನೆಯ ಮಕ್ಕಳ ಅಳು ಕೇಳಿ ಬಂದವಳಿಗೆ ತನ್ನ ಮಗುವಿನ ಮೊದಲ ಅಳು ತಪ್ಪಿಹೋಗುತ್ತದೆ ಅಂದರೆ ಹೇಗಿರುತ್ತದೆ! ವಾಪಸು ಬರುವಾಗ ಕೊಡಿಗೇಹಳ್ಳಿ ಸಿಗ್ನಲಿನಲ್ಲಿ ಪ್ರಕಾಶ್ "ಏನಾದ್ರೂ ತಿಂತೀಯಾ?" ಅಂದರು. ಬೇಡ ಅಂದೆ. ನನಗೆ ಆಗ ಬೇಕಾಗಿದ್ದು ಅಮ್ಮ.

ಅಮ್ಮ ಹೋಗಿ ಎರಡು ವರ್ಷವಾಗಿತ್ತು.

ಅಮ್ಮನ ವಿಷಯ ಹೇಳಬೇಕಾದರೆ ನಮ್ಮತ್ತಿಗೆಯ ವಿಷಯ ಹೇಳಬೇಕು. ಅತ್ತಿಗೆ ಅಂದರೆ ನಮ್ಮಣ್ಣನ ಹೆಂಡತಿ ರತ್ನಮ್ಮ. ನನ್ನ ತವರು ಬಾಗಲಗುಂಟೆ. ಹಿಂದೆ ರಾಗಿ ಬೆಳೆಯುತ್ತಿದ್ದ ಜಮೀನಿನಲ್ಲಿ ಈಗ ಅಣ್ಣ ಕಟ್ಟಿಸಿದ ಬಾಡಿಗೆ ಮನೆಗಳಿವೆ. ಅತ್ತಿಗೆಗೆ ಚಿಕ್ಕಂದಿನಲ್ಲೇ ತಾಯಿ ಇಲ್ಲ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಆದರೆ ತಾಯಿಯೇ ಇಲ್ಲದ ತವರಿಗೆ ಸೊಸೆಯನ್ನು ಕಳಿಸಲು ನಮ್ಮಮ್ಮ ಒಪ್ಪಲಿಲ್ಲ. ಮಡಿಲು ತುಂಬಿದವಳೂ ಅಮ್ಮನೇ, ಹೆರಿಗೆಗೆ ಜೊತೆ ಹೋದವಳೂ ಅಮ್ಮನೇ, ಬಾಣಂತನ ಮಾಡಿದವಳೂ ಅಮ್ಮನೇ. ನೆಂಟರು ಆಡಿಕೊಂಡರು. "ಅತ್ತೆ ಮನೇಲಿ ಚೊಚ್ಚಲ ಬಾಣಂತನವಾ?" ಅಂದದ್ದಕ್ಕೆ ಅಮ್ಮ, "ಬಾಣಂತನ ಮಾಡೋ ಕಡೆ ತವರು ಕಣ್ರವ್ವ" ಅಂದು ಎಲೆ ಅಡಿಕೆ ತಟ್ಟೆ ಅವರ ಮುಂದೆ ತಳ್ಳಿದ್ದಳು.

ಅತ್ತಿಗೆಯ ಎರಡು ಹೆರಿಗೆಯಲ್ಲೂ ನಾನು ಯಶವಂತಪುರದ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಇದ್ದೆ. ಮೊದಲನೆಯದಕ್ಕೆ ನನಗಿನ್ನೂ ಮದುವೆಯಾಗಿರಲಿಲ್ಲ. ಎರಡನೆಯದಕ್ಕೆ ಮದುವೆಯಾಗಿ, ತಿಂಗಳು ತಿಂಗಳೂ ಕಾದು ಸೋಲುತ್ತಿದ್ದ ಕಾಲ. ಬಾಗಿಲ ಆಚೆಯಿಂದ ಅತ್ತಿಗೆಯ ನರಳಾಟದ ನಡುವೆ ಅಮ್ಮನ ದನಿ ಕೇಳುತ್ತಿತ್ತು. "ಇಲ್ಲೇನಾ? ಇನ್ನೂ ಕೆಳಗಾ? ಇಲ್ಲೇನಾ ಮಗಾ?" ಆಮೇಲೆ ಸ್ವಲ್ಪ ಹೊತ್ತು ನರಳಾಟ ನಿಲ್ಲುತ್ತಿತ್ತು. ಅಮ್ಮನ ಕೈಯಲ್ಲಿ ಏನೋ ಇದೆ ಅಂತ ಆಗಲೇ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ಅಮ್ಮ ಹೊರಗೆ ಬಂದು ನನ್ನ ಪಕ್ಕ ಕೂತು, ಸೋತ ಅಂಗೈಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹೇಳಿದ್ದಳು, "ನಿನ್ ಸರ್ತಿ ಬರೋಗಂಟ ಈ ಕೈಗೆ ಬಲ ಇರ್ಲಿ ಅಂತ ಕೇಳ್ಕಂತಿವ್ನಿ ಸುಸೀಲಾ."

ನನ್ನ ಸರದಿ ಬರುವ ಹೊತ್ತಿಗೆ ಕೈಯೇ ಇರಲಿಲ್ಲ.

ಪ್ರಕಾಶ್ ಸುಮ್ಮನೆ ಕೂರುವ ಗಂಡಸಲ್ಲ. ಆಫೀಸಿನಲ್ಲಿ ಫೈಲು ನೋಡುವ ಹಾಗೆ ಇದನ್ನೂ ತಲೆಗೆ ಹಚ್ಚಿಕೊಂಡರು. ಯಲಹಂಕದಲ್ಲಿ ಬಸುರಿಯರಿಗೆ ಹೇಳಿಕೊಡುವ ಫಿಸಿಯೋಥೆರಪಿ ಕ್ಲಾಸಿಗೆ ಸೇರಿಸಿದರು, ತಾವೂ ಬಂದು ಕೂತರು. ದೊಡ್ಡ ರಬ್ಬರ್ ಚೆಂಡಿನ ಮೇಲೆ ಕೂತು ಸೊಂಟ ಆಡಿಸುವುದು, ಉಸಿರನ್ನು ಉದ್ದಕ್ಕೆ ಬಿಡುವುದು, ನೋವು ಬಂದಾಗ ಹಲ್ಲು ಕಚ್ಚದೆ ಹಸು ಕೂಗುವ ಹಾಗೆ ಕೆಳದನಿಯಲ್ಲಿ "ಹೂಂ" ಅನ್ನುವುದು, ಇದನ್ನೆಲ್ಲ ಕಲಿಸಿದರು. ಸಂಜೆ ಪುಟ್ಟೇನಹಳ್ಳಿ ಕೆರೆಯ ಹತ್ತಿರ ನಡೆಯುವಾಗ ಪ್ರಕಾಶ್ ಪಕ್ಕದಲ್ಲಿ "ಹೂಂ" ಅನ್ನುತ್ತಾ ಅಭ್ಯಾಸ ಮಾಡುತ್ತಿದ್ದರು. ಹಕ್ಕಿ ಫೋಟೊ ತೆಗೆಯಲು ಬಂದವರೊಬ್ಬರು ತಿರುಗಿ ನೋಡಿದ್ದು ಚೆನ್ನಾಗಿ ನೆನಪಿದೆ. ನನ್ನ ಹೆರಿಗೆ ಡಾಕ್ಟರಮ್ಮ ಮಾತ್ರ ಒಂದು ವಿಷಯ ಕಟ್ಟುನಿಟ್ಟಾಗಿ ಹೇಳಿದ್ದರು. ಬೆನ್ನು ಒತ್ತಬಹುದು, ಬಿಸಿನೀರು ಹಾಕಬಹುದು, ಆದರೆ ಆಪರೇಷನ್ ಗುರುತಿನ ಮೇಲೆ ಬೇಡ. ಅದರ ಕೆಳಗೆ ಮತ್ತು ಸೊಂಟದ ಎರಡು ಪಕ್ಕ ಮಾತ್ರ.

ಅತ್ತಿಗೆ ಏಳನೇ ತಿಂಗಳಲ್ಲಿ ಹಸಿರು ಬಳೆ ತೊಡಿಸಿ ಮಡಿಲು ತುಂಬಿದರು. ತಟ್ಟೆ ಹಿಡಿದ ಅವರ ಕೈಯನ್ನೇ ನೋಡುತ್ತಿದ್ದೆ. ಎರಡೆರಡು ಸಲ ಅಮ್ಮನ ಅಂಗೈ ಇವರ ಸೊಂಟದ ಮೇಲೆ ಇತ್ತು. ಜಾಗ ಇವರಿಗೆ ಗೊತ್ತಿರುತ್ತದೆ, ಆ ಹಿಡಿತ ಇವರಿಗೆ ಗೊತ್ತಿರುತ್ತದೆ. ಅಮ್ಮನ ಕೈ ಹೋದರೂ ಅದು ಒತ್ತಿದ ರೀತಿ ಇವರ ಹತ್ತಿರ ಉಳಿದಿದೆ ಅಂದುಕೊಂಡೆ. ಯಾರಿಗೂ ಹೇಳಲಿಲ್ಲ. ಅದೊಂದನ್ನೇ ನೆಚ್ಚಿಕೊಂಡು ಉಳಿದ ದಿನ ಕಳೆದೆ.

ನೋವು ಬಂದದ್ದು ಬೆಳಿಗ್ಗೆ, ದೋಸೆ ಹುಯ್ಯುತ್ತಿದ್ದಾಗ. ಕಾವಲಿಯ ಮೇಲಿದ್ದ ದೋಸೆ ಮಗುಚುವಷ್ಟರಲ್ಲಿ ಸೊಂಟದ ಒಳಗೆ ಯಾರೋ ಹಗ್ಗ ಬಿಗಿದ ಹಾಗಾಯಿತು. ಪ್ರಕಾಶ್‌ಗೆ ದೋಸೆ ಹಾಕಿಕೊಟ್ಟೆ, ನಾನೂ ತಿಂದೆ, ಒಲೆ ಒರೆಸಿದೆ, ಹಿಟ್ಟನ್ನು ಫ್ರಿಜ್ಜಿಗೆ ಇಟ್ಟೆ. "ಹೊರಡೋಣ ಕಣೇ" ಎಂದು ಅವರು ಚಪ್ಪಲಿ ಹಾಕಿಕೊಂಡು ಹೊಸಿಲಲ್ಲಿ ನಿಂತೇ ಇದ್ದರು. ಅತ್ತಿಗೆಗೆ ಫೋನು ಹೋಯಿತು.

ಹೆರಿಗೆ ಕೋಣೆಯೊಳಗೆ ಒಬ್ಬರಿಗೇ ಅವಕಾಶ. ಮೊದಲು ಪ್ರಕಾಶ್ ಬಂದರು. ಕ್ಲಾಸಿನಲ್ಲಿ ಕೊಟ್ಟ ಟೆನಿಸ್ ಬಾಲ್ ಜೇಬಿನಲ್ಲೇ ಇತ್ತು. ನಾನು ಕಿಟಕಿಯ ಕಟ್ಟೆಗೆ ಮೊಣಕೈ ಊರಿ ಬಗ್ಗಿ ನಿಂತಿದ್ದೆ. ದೂರದಲ್ಲಿ ಫ್ಲೈಓವರಿನ ಮೇಲೆ ಗಾಡಿಗಳು ಇರುವೆ ಸಾಲಿನ ಹಾಗೆ ಹೋಗುತ್ತಿದ್ದವು. ನೋವು ಬಂದಾಗ ಅವರು ಬಾಲನ್ನು ಬೆನ್ನ ಮೇಲೆ ಉರುಳಿಸಿದರು, ಹೂವಿನ ಮೇಲೆ ಕೈಯಾಡಿಸಿದ ಹಾಗೆ.

"ಗಟ್ಟಿಯಾಗಿ ಒತ್ರೀ!"

"ಸ್ಕ್ರೂ ಲೂಸ್ ಆದ್ರೆ?"

"ಆಗ್ಲೇ ಲೂಸ್ ಆಗಿದೆ! ಒತ್ರೀ!"

ಪಾಪ, ನನ್ನ ಆಪರೇಷನ್ ಕಂಡಿದ್ದ ಮನುಷ್ಯ, ಆ ಬೆನ್ನಿನ ಮೇಲೆ ಭಾರ ಹಾಕಲು ಅವರಿಗೆ ಮನಸ್ಸೇ ಬರಲಿಲ್ಲ. ಉಸಿರಿನ ಲೆಕ್ಕವನ್ನು ಮಾತ್ರ ಲಾರಿಗೆ ಮೂಟೆ ಏರಿಸುವವರ ಹಾಗೆ ಕೂಗಿ ಹೇಳುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಡಾಕ್ಟರಮ್ಮ ನೋಡಿ, "ನಿಧಾನ ಆಗ್ತಿದೆ. ಮಗು ಚೆನ್ನಾಗಿದೆ, ಕಾಯಬಹುದು. ಸಂಜೆಯವರೆಗೂ ಮುಂದೆ ಹೋಗದಿದ್ರೆ ಆಪರೇಷನ್ ಥಿಯೇಟರಿಗೆ ಹೋಗೋಣ" ಅಂದರು. ಪ್ರಕಾಶ್ ನನ್ನ ಮುಖ ನೋಡಿದರು. ಆಮೇಲೆ ಬಾಲನ್ನು ಜೇಬಿಗೆ ಹಾಕಿಕೊಂಡು, "ನಾನು ಹೊರಗಿರ್ತೀನಿ. ನಿಮ್ಮತ್ತಿಗೇನ ಕಳಿಸ್ತೀನಿ" ಅಂದರು. ಅವರಾಗಿಯೇ ಅಂದರು. ಅದಕ್ಕೆ ನಾನು ಇವತ್ತಿಗೂ ಋಣಿ.

ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ಬಂದರು. ಗಾಜಿನ ಬಳೆ ಒಡೆದೀತು, ತೆಗೀರಿ ಅಂದರು ಸಿಸ್ಟರ್. "ಬರಿಗೈ ಮಾಡ್ಕೊಳಕ್ಕಾಯ್ತದಾ ಸಿಸ್ಟ್ರೇ?" ಎಂದು ಅತ್ತಿಗೆ ಬಳೆಗಳನ್ನು ಮೇಲಕ್ಕೆ ಸರಿಸಿ ಅವುಗಳ ಮೇಲೆ ಕರ್ಚೀಫು ಬಿಗಿದುಕೊಂಡರು.

ಮುಂದಿನ ನೋವು ಏರಿತು. ನಾನು ಕಣ್ಣು ಮುಚ್ಚಿ ಕಾದೆ. ಇಷ್ಟು ತಿಂಗಳು ಕಾದಿದ್ದು ಇದಕ್ಕೇ. ಅತ್ತಿಗೆಯ ಅಂಗೈ ಬೆನ್ನಿಗೆ ಬಂತು, ಒತ್ತಿತು. ನೇರವಾಗಿ ಹಳೆಯ ಗಾಯದ ಗುರುತಿನ ಅಂಚಿಗೇ! ಪ್ರಾಣ ಹೋದ ಹಾಗಾಯಿತು.

ನೋವು ಇಳಿದ ಮೇಲೂ ನಾನು ಅಳುತ್ತಲೇ ಇದ್ದೆ. ಅದು ಮೈಯ ನೋವಿಗೆ ಬಂದ ಅಳುವಲ್ಲ. ಎರಡು ವರ್ಷದ ಹಿಂದೆ ಬಾಗಲಗುಂಟೆಯ ಮನೆಯಲ್ಲಿ ಬಂದವರಿಗೆ ಕಾಫಿ ಕೊಡುತ್ತಾ ಓಡಾಡಿಕೊಂಡಿದ್ದೆನಲ್ಲ, ಆಗ ಅಳಬೇಕಾಗಿದ್ದದ್ದು ಈಗ ಬಂತು. "ಅಮ್ಮ ಒತ್ತಿದ ಹಾಗೆ ಒತ್ತಿ ಅತ್ತಿಗೆ. ನಿಮಗೆ ಗೊತ್ತಲ್ಲ. ಅಮ್ಮ ಒತ್ತಿದ ಹಾಗೆ. ಇಲ್ಲಾಂದ್ರೆ ಬೇಡ, ಮಲಗಿಸ್ಬಿಡಿ ಅನ್ನಿ ಡಾಕ್ಟ್ರಿಗೆ. ನನ್ ಕೈಲಾಗಲ್ಲ."

ಅತ್ತಿಗೆ ಸೆರಗಿನಲ್ಲಿ ನನ್ನ ಮೂಗು ಒರೆಸಿದರು. ಮಗುವಿಗೆ ಒರೆಸಿದ ಹಾಗೆ, ಸ್ವಲ್ಪ ಒರಟಾಗಿ.

"ಏನು ಗೊತ್ತಿತ್ತು ಅಂತ ತಿಳ್ಕಂಡೆ ನಿಮ್ಮವ್ವಂಗೆ? ಮೊದ್ಲು ಎಲ್ಲೆಲ್ಲೋ ಒತ್ತಿ ನನ್ ಜೀವ ತೆಗುದ್ರು. ನಾನು ಮಯ್ಯಾದೆ ಎಲ್ಲಾ ಬಿಟ್ಟು, 'ತಗೀರಿ ಅತ್ತೆ ಕೈಯಾ' ಅಂತ ಬೈದ್ಬುಟ್ಟೆ. ಸೊಸೆ ಅತ್ತೇಗೆ ಬೈದಿದ್ದು ಕಂಡು ನರ್ಸುಗಳೇ ಬೆಪ್ಪಾಗೋದ್ರು. ಆಮೇಲೆ ಒಂದೊಂದ್ ಸಲಕ್ಕೂ ಕೇಳಿ ಕೇಳಿ ಒತ್ತುದ್ರು. ನಾನ್ ಏಳ್ದೆ, ಅವ್ರು ಒತ್ತುದ್ರು. ಅಷ್ಟೇಯಾ. ನೀನು ಬಾಯಿ ಬಿಗುದ್ಕಂಡು ನಿಂತ್ಕಂಡ್ರೆ ನಂಗೇನ್ ಗೊತ್ತಾಯ್ತದೆ ಸುಸೀಲಾ? ಏಳು. ಎಲ್ಲಿ?"

ಮುಂದಿನ ನೋವು ಬರುತ್ತಿತ್ತು. ಅತ್ತಿಗೆಯ ಕೈ ಬೆನ್ನ ಮೇಲೆ ಕಾಯುತ್ತಾ ನಿಂತಿತು.

"ಇಲ್ಲೇನಾ?"

"ಕೆಳಗೆ..."

"ಇಲ್ಲೇನಾ? ಇನ್ನೂ ಕೆಳಗಾ?"

"ಇನ್ನೂ. ಎಡಕ್ಕೆ. ಹಾಂ. ಹಾಂ, ಅಲ್ಲೇ. ಬಿಡ್ಬೇಡಿ."

ಅಂಗೈಯ ಬುಡ ಆ ಜಾಗಕ್ಕೆ ಕೂತು ಭಾರ ಕೊಟ್ಟಿತು. ನೋವು ಹೋಗಲಿಲ್ಲ, ಸುಳ್ಳು ಹೇಳಬಾರದು. ಆದರೆ ನನ್ನನ್ನು ಎತ್ತಿಕೊಂಡು ಹೋಗುತ್ತಿದ್ದ ನೋವಿಗೆ ಎದುರಾಗಿ ಹಿಂದಿನಿಂದ ಒಂದು ಗೋಡೆ ನಿಂತ ಹಾಗಾಯಿತು. ಒರಗಿಕೊಂಡೆ. "ಹೂಂ" ಎಂದು ಹೊಟ್ಟೆಯಾಳದಿಂದ ಸದ್ದು ತಾನಾಗಿ ಬಂತು. ಕ್ಲಾಸಿನಲ್ಲಿ ಎಷ್ಟು ಸಲ ಹೇಳಿಕೊಟ್ಟರೂ ಬಾರದಿದ್ದ ಸದ್ದು.

ಕಣ್ಣು ಮುಚ್ಚಿದ್ದರೆ ಆ ದನಿಯೂ ಅಮ್ಮನದೇ. 'ಹೇಳು' ಅನ್ನಲು 'ಏಳು' ಅನ್ನುವುದು, 'ಕೆಳಗಾ' ಅನ್ನುವಾಗ ಕೊನೆಯಲ್ಲಿ ಎಳೆಯುವುದು. ಒಂದೇ ಮನೆಯಲ್ಲಿ ಒಟ್ಟಿಗೆ ಅಷ್ಟು ವರ್ಷ ರಾಗಿಮುದ್ದೆ ತಿರುವಿದ ಅತ್ತೆ ಸೊಸೆ ಅಲ್ಲವೇ.

ಆಮೇಲೆ ಅತ್ತಿಗೆ ಸಿಸ್ಟರನ್ನು ಕೇಳಿ ನನ್ನನ್ನು ಬಚ್ಚಲುಮನೆಯಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ತಿರುಗಿಸಿ ಕೂರಿಸಿದರು. ಮೊಣಕೈಯದ್ದಿ ನೀರಿನ ಹದ ನೋಡಿ, ಮಗ್ಗಿನಲ್ಲಿ ಬಿಸಿನೀರು ಮೊಗೆದು ಸೊಂಟದ ಮೇಲೆ ಸುರಿದರು. ಬೇಗ ಸುರಿಯಬಾರದು, ಧಾರೆಯಾಗಿ ಇಳಿಯಬೇಕು. ಆ ನೀರು ಬೆನ್ನ ಮೇಲೆ ಇಳಿಯುವಷ್ಟು ಹೊತ್ತು ನಾನು ನಮ್ಮ ಹಳೆಯ ಮನೆಯ ಹಂಡೆಯ ಪಕ್ಕದಲ್ಲಿ ಕೂತ ಹುಡುಗಿಯೇ. ನಡುನಡುವೆ ತೂಕಡಿಸಿದೆ ಕೂಡ.

ಅಲ್ಲಿಂದಲೇ ಅತ್ತಿಗೆ ಸೊಂಟದಲ್ಲಿದ್ದ ಫೋನು ತೆಗೆದು ಅಣ್ಣನಿಗೆ ಮಾಡಿದರು. ಹೆರಿಗೆ ತಡವಾದರೆ ತವರುಮನೆಯ ಬೀಗಗಳನ್ನೆಲ್ಲ ತೆಗೆದಿಡಬೇಕು, ಆಗ ಮಗುವಿಗೂ ದಾರಿ ಬಿಡುತ್ತದೆ ಅಂತ ನಮ್ಮ ಕಡೆಯ ನಂಬಿಕೆ. "ಮನೇಲಿ ಏನೇನ್ ಬಿಗಿದಿದ್ಯೋ ಎಲ್ಲಾನೂ ಬಿಚ್ಚಿ" ಅಂದು ಇಟ್ಟರು. ಸ್ವಲ್ಪ ಹೊತ್ತಿಗೆ ಅಣ್ಣನೇ ವಾಪಸು ಫೋನು ಮಾಡಿದ. ಅವನ ಗಾಬರಿ ದನಿ ನನಗೂ ಕೇಳಿಸುತ್ತಿತ್ತು.

"ಎಲ್ಲಾ ತೆಗ್ದಿವ್ನಿ ಕಣೇ. ಬೀರು, ಪೆಟ್ಟಿಗೆ, ಗೇಟು, ಸ್ಕೂಟರ್ ಸೀಟು. ನೀರಿನ್ ವಾಲ್ವೂ ಬಿಚ್ಚಿವ್ನಿ. ಈಗ ಬೀದಿ ತುಂಬಾ ನೀರು ನಿಂತು ಬಾಡಿಗೆಯವ್ರು ಕೂಗಾಡ್ತಾವ್ರೆ. ಮುಚ್ಬೋದಾ, ಇಲ್ಲ ಇನ್ನೂ ಮಗು ಆಗಿಲ್ವಾ?"

"ವಾಲ್ವ್ ಯಾಕ್ ಬಿಚ್ಚುದ್ರಿ?"

"ಬಿಗಿದಿದ್ದು ಎಲ್ಲಾನೂ ಅಂತ ನೀನೇ ಅಂದ್ಯಲ್ಲೇ!"

ನನಗೆ ನಗು ಬಂತು. ಸಣ್ಣಗೆ ಶುರುವಾದದ್ದು ತಡೆಯಲಾಗದೆ ಮೈಯೆಲ್ಲ ಕುಲುಕಿತು, ಸ್ಟೂಲೇ ಜಾರುವ ಹಾಗಾಯಿತು. ಅತ್ತಿಗೆಯೂ ಮಗ್ಗು ಹಿಡಿದುಕೊಂಡೇ ಗೋಡೆಗೆ ಒರಗಿ ನಕ್ಕರು. ಸಿಸ್ಟರ್ ಬಾಗಿಲಲ್ಲಿ ಇಣುಕಿ, "ಹೆರಿಗೆಗೆ ಬಂದಿದ್ದೀರೋ, ಪಿಕ್‌ನಿಕ್ಕಿಗೆ ಬಂದಿದ್ದೀರೋ?" ಅಂದರು. ಆ ನಗುವಿನ ಬಾಲ ಹಿಡಿದೇ ಬಂದ ನೋವು ಬೇರೆ ಥರ ಇತ್ತು. ಕೆಳಕ್ಕೆ ನೂಕುವ ನೋವು. "ಅತ್ತಿಗೆ, ಏನೋ ಆಗ್ತಿದೆ" ಅಂದೆ.

ಬೀಗಕ್ಕೋ, ಬಿಸಿನೀರಿಗೋ, ನಗುವಿಗೋ, ಇಲ್ಲ ಅದರ ಸಮಯವೇ ಅದೋ, ನನಗೆ ಗೊತ್ತಿಲ್ಲ. ಡಾಕ್ಟರಮ್ಮ ಬಂದು ನೋಡಿ, "ಥಿಯೇಟರ್ ಬೇಡ, ಇಲ್ಲೇ ಆಗುತ್ತೆ" ಅಂದರು. ಮುಂದಿನದರಲ್ಲಿ ನನಗೆ ನೆನಪಿರುವುದು ಚೂರುಪಾರು. ಪಕ್ಕಕ್ಕೆ ಒರಗಿದ ನನ್ನ ಸೊಂಟಕ್ಕೆ ಕೊಟ್ಟ ಕೈ ತೆಗೆಯದ ಅತ್ತಿಗೆ. ಕರ್ಚೀಫಿನೊಳಗೆ ಬಳೆಗಳ ಮಂಕಾದ ಸದ್ದು. ನಾನು ನಾಚಿಕೆ ಬಿಟ್ಟು ಕಿರುಚಿದ್ದು. ಆಮೇಲೆ ಎಲ್ಲ ಸಡಿಲವಾಗಿ, ಒಂದು ಗಳಿಗೆ ಕೋಣೆಯಲ್ಲಿ ಏನೂ ಸದ್ದಿಲ್ಲ.

ಆಗ ಅತ್ತಳು.

ನಾನಂದುಕೊಂಡಿದ್ದ ಹಾಗೆ ಇರಲಿಲ್ಲ ಅದು. ತೆಳುವಾಗಿ, ಸ್ವಲ್ಪ ಸಿಟ್ಟಿನಿಂದ, ಬಾಗಿಲ ಕೀಲಿಗೆ ಎಣ್ಣೆಯಿಲ್ಲದಾಗ ಬರುತ್ತದಲ್ಲ, ಹಾಗೆ. ನಾನು ಎಚ್ಚರವಾಗಿದ್ದೆ. ಪೂರ್ತಿ ಎಚ್ಚರವಾಗಿದ್ದೆ. ಹೊರಗೆ ಪ್ರಕಾಶ್‌ಗೂ ಕೇಳಿಸಿತಂತೆ, ಜೇಬಿನ ಬಾಲನ್ನು ಹಿಂಡುತ್ತಾ ನಿಂತಿದ್ದರಂತೆ. ಅತ್ತಿಗೆ ನನ್ನ ಹಣೆಯ ಕೂದಲು ಸರಿಸಿ, "ಕೇಳುಸ್ತಾ?" ಅಂದರು. ಹೂಂ ಅಂದೆ. ಅವರು ಕರ್ಚೀಫು ಬಿಚ್ಚಿ ತಮ್ಮ ಕಣ್ಣು ಒರೆಸಿಕೊಂಡರು, ಬಳೆಗಳು ಒಮ್ಮೆಲೇ ಮಣಿಕಟ್ಟಿಗೆ ಇಳಿದವು. "ನಂಗೆ ತವರಿಲ್ಲ ಅಂತ ನಿಮ್ಮವ್ವ ಅವತ್ತು ಯಾರ್ಗೂ ಆಡ್ಕಳಕ್ಕೆ ಬಿಡ್ಲಿಲ್ಲ ಕಣೆ" ಅಂದರು.

ಬಾಣಂತನಕ್ಕೆ ಬಾಗಲಗುಂಟೆಗೇ ಹೋದೆ. ಬೀದಿ ಆ ಹೊತ್ತಿಗೆ ಒಣಗಿತ್ತು.

ಪಾರ್ಕಿನ ಹತ್ತಿರ ಸಿಗುವ ಹುಡುಗಿಯರಿಗೆ ನಾನು ಇಷ್ಟು ಹೇಳಬಲ್ಲೆ. ಚೆಂಡು, ಬಿಸಿನೀರು, ಉಸಿರು ಎಲ್ಲ ಒಳ್ಳೆಯದೇ. ಇಂಜೆಕ್ಷನ್ ಸಿಗುವ ಹಾಗಿದ್ದರೆ, ಬೇಕೆನಿಸಿದರೆ, ಅದನ್ನೂ ತಗೊಳ್ಳಿ, ಯಾರ ಬಾಯಿಗೂ ಹೆದರಬೇಡಿ. ಆದರೆ ಎಲ್ಲಿ ನೋವು ಅಂತ ಕೇಳುವವರೊಬ್ಬರನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. ಕೇಳಿದಾಗ ಹೇಳಿ.

ಚಳಿ ಶುರುವಾದರೆ ರಾಡು ಹಾಕಿದ ಜಾಗ ಈಗಲೂ ಹಿಡಿದುಕೊಳ್ಳುತ್ತದೆ. ಭಾನುವಾರ ಮಗಳನ್ನು ಕರೆದುಕೊಂಡು ತವರಿಗೆ ಹೋಗುತ್ತೇನೆ. ಊಟವಾದ ಮೇಲೆ ಅಣ್ಣ ಅವಳಿಗೆ ತಾನು ವಾಲ್ವ್ ಬಿಚ್ಚಿ ಅವಳನ್ನು ಭೂಮಿಗೆ ತಂದ ಕತೆ ಹೇಳುತ್ತಿರುತ್ತಾನೆ. ಒಳಗೆ ಚಾಪೆಯ ಮೇಲೆ ನಾನು ಬೋರಲು ಮಲಗುತ್ತೇನೆ. ಅತ್ತಿಗೆ ಪಕ್ಕ ಕೂತು, ಹರಳೆಣ್ಣೆ ಬೆಚ್ಚಗೆ ಮಾಡಿ ಅಂಗೈಗೆ ಹಚ್ಚಿಕೊಂಡು ಸೊಂಟ ನೀವುತ್ತಾರೆ.

"ಇಲ್ಲೇನಾ?"

ಅಲ್ಲೇ ಇರುತ್ತದೆ. ಮೊದಲ ಸಲಕ್ಕೇ ಸರಿಯಾದ ಜಾಗಕ್ಕೆ ಕೈ ಬಂದಿರುತ್ತದೆ, ನೋವು ಆಗಲೇ ಇಳಿಯತೊಡಗಿರುತ್ತದೆ.

"ಇಲ್ಲ ಅತ್ತಿಗೆ, ಇನ್ನೂ ಸ್ವಲ್ಪ ಕೆಳಗೆ" ಅನ್ನುತ್ತೇನೆ.

ಅವರಿಗೆ ಗೊತ್ತು. ಒಂದು ಗಳಿಗೆ ಕೈ ನಿಲ್ಲುತ್ತದೆ. ಆಮೇಲೆ ಬೆರಳಷ್ಟು ಕೆಳಗೆ ಸರಿಯುತ್ತದೆ. ಮಾತಿನ ಕೊನೆಯನ್ನು ಎಳೆದು ಮತ್ತೆ ಕೇಳುತ್ತಾರೆ.

"ಇಲ್ಲೇನಾ ಮಗಾ?"